ಸೂಪರ್ ಅಂದ್ಬುಟ್ರೆ ಆಗೋಯ್ತಾ?

ನಮ್ಮ ನಡುಮನೇಲಿ ದೇವರಮನೆ ಬಾಗ್ಲ ಪಕ್ಕ ನಮ್ಮತ್ತೆ ಫೋಟೋ ಹಾಕಿದ್ದೀವಿ, ಮನೆಗೆ ಬಂದೋರೆಲ್ಲ ನೋಡಿರ್ತೀರ. ಹೋದ ಗೌರಿ ಹಬ್ಬಕ್ಕೆ ಕೆ.ಆರ್.ನಗರದಿಂದ ನಮ್ಮ ನಾದಿನಿ ಮೊಮ್ಮಗ ಬಂದಿದ್ದ. ಹನ್ನೆರಡು ವರ್ಷದ ಹುಡ್ಗ. ಫೋಟೋ ಮುಂದೆ ನಿಂತ್ಕಂಡು ಒಸಿ ಹೊತ್ತು ನೋಡ್ದ. ಆಮೇಲೆ "ಅಜ್ಜಿ, ಇದು ಮುತ್ತಜ್ಜೀನಾ? ಅವ್ರಂಗೆ ಕಾಣಲ್ವಲ್ಲ" ಅಂದ. ರಜಕ್ಕೆ ಬಂದಾಗೆಲ್ಲ ಅವರ ಮಗ್ಗುಲಲ್ಲೇ ಮಲಗಿ ಕತೆ ಕೇಳಿದ ಕೂಸು ಅದು. ನಂಗೆ ಏನು ಹೇಳ್ಬೇಕು ಅಂತಾನೇ ಗೊತ್ತಾಗ್ಲಿಲ್ಲ.

ಹುಡ್ಗ ಹೇಳಿದ್ದು ಸರಿಯಾಗೇ ಅದೆ. ನಮ್ಮತ್ತೆ ಬಿಸಿಲಲ್ಲಿ ದುಡಿದ ಕಪ್ಪು ಮೈಯೋರು. ಹಣೆ ಮೇಲೆ ಹಸಿರು ಹಚ್ಚೆ ಇತ್ತು, ಬಾಯಿ ಸುತ್ತ ನಗು ಸುಕ್ಕು ಇತ್ತು. ಫೋಟೋದಲ್ಲಿ ಹಚ್ಚೆ ಇಲ್ಲ, ಸುಕ್ಕಿಲ್ಲ, ಮುಖ ಹಾಲಿನಂಗೆ ಬೆಳ್ಳಗದೆ, ಹಿಂದೆ ಎಲ್ಲಿಯದೋ ಹೂವಿನ ತೋಟ. ತಿಥಿಗೆ ಅಂತ ಸ್ಟುಡಿಯೋ ಹುಡ್ಗ ಮಾಡ್ಕೊಟ್ಟಿದ್ದು. ಅವನ ತಪ್ಪು ಅಂತ ನಾನು ಹೇಳಲ್ಲ. ಪ್ರಿಂಟ್ ಹಾಕೋಕೆ ಮುಂಚೆ ಫೋನಿಗೆ ಕಳಿಸಿ "ನೋಡಿ ಹೇಳಿ, ಏನಾದ್ರೂ ಬದಲಾಯಿಸ್ಬೇಕಾ?" ಅಂತ ಕೇಳಿದ್ದ. ನಮ್ಮೆಜಮಾನ್ರು ಮನೆ ಗ್ರೂಪಿಗೆ ಹಾಕಿದ್ರು. ಇಪ್ಪತ್ತೇಳು ಜನ ಇದ್ದೀವಿ. ಎಲ್ರೂ ಸೂಪರ್, ತುಂಬಾ ಚೆನ್ನಾಗಿದೆ, ಕೈ ಮುಗಿಯೋ ಗುರುತು. ಹಚ್ಚೆ ಇಲ್ಲ ಅನ್ನೋದು ನನ್ನ ಕಣ್ಣಿಗೆ ಅವತ್ತೇ ಬಿದ್ದಿತ್ತು. ತಿಥಿ ಗಲಾಟೇಲಿ ಯಾರಿಗ್ ಬೇಕು ಈ ಮಾತು ಅಂದ್ಕಂಡು ನಾನೂ ಹೆಬ್ಬೆಟ್ಟು ಒತ್ತಿದೆ. ಪಿಯುಸಿ ಓದಿದ ಹೆಂಗಸು, ಹೆಬ್ಬೆಟ್ಟು ಒತ್ತಿ ಸುಮ್ನಾದೆ.

ಅದಕ್ಕೇ ಇವತ್ತು ಈ ಮಾತು ಬರೀತಾ ಇರೋದು. ಫೋಟೋ ತೋರ್ಸಿ "ಹೆಂಗದೆ?" ಅಂತ ಯಾರಾದ್ರೂ ಕೇಳಿದ್ರೆ, ನೋಡಿ ಉತ್ತರ ಹೇಳೋದು ನಮ್ಮ ಜವಾಬ್ದಾರಿ. ಸೂಪರ್ ಅನ್ನೋದು ಉತ್ತರ ಅಲ್ಲ, ತಪ್ಪಿಸ್ಕೊಳ್ಳೋ ದಾರಿ.

ಹಂಗಂತ ಬಾಯಿಗೆ ಬಂದಂಗೆ ಅಂದ್ಬುಡೋದೂ ಅಲ್ಲ. ಅದನ್ನೂ ಮಾಡಿ ನೋಡಿದ್ದೀನಿ. ನನ್ನ ತಂಗಿ ಮನೆ ಪಿರಿಯಾಪಟ್ಟಣದ ಹತ್ರ. ಅವಳ ಮಗಳಿಗೆ ಫೋಟೋ ಹುಚ್ಚು. ಅವ್ರವ್ವ ಬ್ಯಾರನ್ ಮುಂದೆ ಕೂತು ಹೊಗೆಸೊಪ್ಪು ಕಡ್ಡಿಗೆ ಕಟ್ತಾ ಇರೋ ಫೋಟೋ ತೆಗೆದು, ಫೋನಲ್ಲೇ ಎಡಿಟ್ ಮಾಡಿ ಕಳಿಸಿದ್ಲು. ಬಣ್ಣ ಎಷ್ಟು ಏರ್ಸಿದ್ಲು ಅಂದ್ರೆ ಸೊಪ್ಪು ಪ್ಲಾಸ್ಟಿಕ್ ತೋರಣದಂಗೆ ಕಾಣೋದು, ನನ್ನ ತಂಗಿ ಮುಖ ಅರಿಶಿನ ಮೆತ್ತಿದಂಗಿತ್ತು. ಎಲ್ರೂ ಸೂಪರ್ ಅಂದ್ರು. ಅತ್ತೆ ಫೋಟೋದ ಸಂಕಟ ಮನಸ್ಸಲ್ಲಿತ್ತೋ ಏನೋ, ನಾನು ಎಲ್ರ ಮುಂದೆನೇ "ಇದೇನವ್ವಾ ಇದು, ಒಂಚೂರೂ ಚೆನ್ನಾಗಿಲ್ಲ" ಅಂತ ಬರ್ದೆ. ಆ ಹುಡ್ಗಿ ನಾಕು ತಿಂಗ್ಳು ಒಂದು ಫೋಟೋನೂ ಹಾಕ್ಲಿಲ್ಲ. ಕಡೆಗೆ ತಂಗಿ ಫೋನ್ ಮಾಡಿ, "ಅಕ್ಕ, ಚೆನ್ನಾಗಿಲ್ಲ ಅಂದೆ, ಸರಿ. ಏನ್ ಚೆನ್ನಾಗಿಲ್ಲ, ಏನ್ ಮಾಡ್ಬೇಕು ಅಂತ ಹೇಳ್ಲೇ ಇಲ್ವಲ್ಲ" ಅಂದ್ಲು. ನಾಚಿಕೆ ಆಯ್ತು.

ನಮ್ಮ ಕಡೆ ಸೊಪ್ಪು ಬೆಳೆಯೋರಿಗೆ ಇದು ಗೊತ್ತಿರೋ ವಿಷಯನೇ. ಕಂಪಲಾಪುರದಲ್ಲೋ ಕಟ್ಟೆಮಳಲವಾಡೀಲೋ ಹರಾಜಿಗೆ ಬೇಲು ಇಟ್ಟಾಗ, ಸೊಪ್ಪು ಗಿಡದ ಯಾವ ಮಟ್ಟದ್ದು, ಬಣ್ಣ ಹೆಂಗದೆ, ಕಲೆ ಎಷ್ಟದೆ, ಎಲ್ಲ ನೋಡಿ ದರ್ಜೆ ಹಾಕ್ತಾರೆ. ಬರೀ ಚೆನ್ನಾಗಿಲ್ಲ ಅಂತ ಬುಟ್ಬುಟ್ರೆ ಮುಂದಿನ ಸಲ ಬ್ಯಾರನ್ ಹೆಂಗೆ ಕಾಯಿಸ್ಬೇಕು ಅಂತ ಗೊತ್ತಾಗೋದು ಹೆಂಗೆ? ಅಡುಗೇಲೂ ಅಷ್ಟೇ. "ಉಪ್ಪು ಒಸಿ ಮುಂದು" ಅಂದ್ರೆ ಸರಿ ಮಾಡ್ಬೋದು. ಮುಖ ಸಿಂಡರಿಸಿ ತಟ್ಟೆ ತಳ್ಳಿದ್ರೆ ಅಡುಗೆ ಮಾಡಿದೋಳು ಏನ್ ಕಲೀತಾಳೆ?

ಆಮೇಲೆ ನಾನೇ ತಂಗಿ ಮನೆಗೆ ಹೋದೆ. ಹುಡ್ಗಿ ಪಕ್ಕ ಕೂತು "ಆ ಫೋಟೋದಲ್ಲಿ ನೀನು ಏನು ತೋರ್ಸ್ಬೇಕು ಅಂತಿದ್ದೆ?" ಅಂತ ಕೇಳ್ದೆ. ಅದನ್ನ ಮೊದಲೇ ಕೇಳ್ಬೇಕಿತ್ತು. "ಅವ್ವನ ಕೈ ದೊಡ್ಡವ್ವ. ಸೊಪ್ಪಿನ ಅಂಟಿಗೆ ಬೆರಳೆಲ್ಲ ಕಪ್ಪಾಗಿರ್ತದಲ್ಲ, ಅದು" ಅಂದ್ಲು. ನಂಗೆ ಗಂಟಲು ಕಟ್ತು. ಆದ್ರೆ ಫೋಟೋದಲ್ಲಿ ಕೈ ಒಂದು ಮೂಲೇಲಿತ್ತು. ಅವ್ವನ ತಲೆ ಹಿಂದಿನಿಂದ ಕಂಬ ಒಂದು ಕೊಂಬಿನಂಗೆ ಎದ್ದಿತ್ತು, ಬಿಸಿಲು ಬೆನ್ನ ಹಿಂದೆ ಇದ್ದಿದ್ರಿಂದ ಮುಖ ಕತ್ತಲೆ, ಆ ಕತ್ತಲೆ ಮುಚ್ಚಕ್ಕೆ ಇವಳು ಬಣ್ಣ ಏರ್ಸಿದ್ಲು. ಪುಣ್ಯಕ್ಕೆ ಎಡಿಟ್ ಮಾಡದೆ ಇರೋ ಮೂಲ ಫೋಟೋ ಇತ್ತು. ಕೈಗೂ ಮುಖಕ್ಕೂ ಸರಿಯಾಗಿ ಕತ್ತರಿಸಿದ್ಲು, ಬಣ್ಣ ಇಳಿಸಿದ್ಲು, ನೆರಳಿರೋ ಕಡೆ ಬೆಳಕು ಒಂಚೂರು ಏರ್ಸಿದ್ಲು. ಈಗ ನೋಡಿದ್ರೆ ಆ ಬೆರಳು ಮಾತಾಡ್ತವೆ. ಅವಳು ನೋಡಿದ್ದು ಮೊದ್ಲಿಂದ್ಲೂ ಸರಿನೇ ಇತ್ತು, ನಾನೇ ಕೇಳಿರ್ಲಿಲ್ಲ.

ಇನ್ನೊಂದು. ನಾವು ಹೆಂಗಸ್ರು ಫೋಟೋ ಬಗ್ಗೆ ಹೇಳ್ತೀವಿ ಅಂದ್ಕಂಡು ಫೋಟೋದಲ್ಲಿರೋರ ಬಗ್ಗೆ ಹೇಳ್ತೀವಿ. "ದಪ್ಪ ಆಗಿದ್ದೀಯ", "ಕಪ್ಪಾಗಿದ್ದೀಯ", "ಕೆನ್ನೆ ಇಳಿದದೆ". ಬೆಳಕು, ನೆರಳು, ಚೌಕಟ್ಟಿನ ಬಗ್ಗೆ ಒಂದು ಮಾತಿಲ್ಲ. ಈ ಮಾತು ಕೇಳೀ ಕೇಳೀ ನಮ್ಮ ಹೆಣ್ಣುಮಕ್ಕಳು ಮುಖ ಬೆಳ್ಳಗೆ ಮಾಡೋ ಫಿಲ್ಟರ್ ಹುಡುಕ್ತವೆ. ಸ್ಟುಡಿಯೋ ಹುಡ್ಗನೂ ಅತ್ತೆ ಮುಖ ಬೆಳ್ಳಗೆ ಮಾಡಿದ್ದು ನಾವು ಅದನ್ನೇ ಮೆಚ್ತೀವಿ ಅಂತ ತಾನೆ?

ನಮ್ಮ ಮೈಸೂರಿನೋರೇ ಟಿ.ಎಸ್. ಸತ್ಯನ್ ಅಂತ ಇದ್ರು. 1977ರಲ್ಲಿ ಪದ್ಮಶ್ರೀ ಬಂತು. 1979 ಅಂತಾರಾಷ್ಟ್ರೀಯ ಮಕ್ಕಳ ವರ್ಷ, ಆಗ ಅವ್ರು ತೆಗೆದ ಮಕ್ಕಳ ಫೋಟೋ ನ್ಯೂಯಾರ್ಕಿನ ವಿಶ್ವಸಂಸ್ಥೇಲಿ ಪ್ರದರ್ಶನ ಆಗಿತ್ತು. ಅವರ ಕಪ್ಪು ಬಿಳುಪು ಫೋಟೋಗಳಲ್ಲಿ ಇರೋದು ನಮ್ಮಂಥ ಸಾಮಾನ್ಯ ಜನವೇ. ಮುಖ ಇದ್ದಂಗೇ ಅದೆ, ಅದಕ್ಕೇ ನೋಡಕ್ಕೆ ಅಷ್ಟು ಇಷ್ಟ ಆಗ್ತದೆ.

ಎಚ್.ಡಿ.ಕೋಟೇಲಿರೋ ನಮ್ಮಣ್ಣನ ಮಗ ಕಬಿನಿ ಕಡೆ ಸಫಾರಿಗೆ ಹೋಗಿ ಫೋಟೋ ತೆಗೀತಾನೆ. ಜಿಂಕೆ ಮುಖಕ್ಕೆ ಅಡ್ಡ ಬಂದ ಕೊಂಬೆ ಅಳಿಸಿ, ಫೋಟೋ ಸ್ಪರ್ಧೆಗೆ ಕಳಿಸಕ್ಕೆ ಹೊರಟಿದ್ದ. ಅವನ ಗೆಳೆಯ ಒಬ್ಬ ತಡೆದ. ಫಿಯಾಪ್‌ನಂಥ ಅಂತಾರಾಷ್ಟ್ರೀಯ ಒಕ್ಕೂಟಗಳ ನಿಯಮದಲ್ಲಿ, ಪ್ರಕೃತಿ ವಿಭಾಗದ ಫೋಟೋನ ಅಂಚಿನಿಂದ ಕತ್ತರಿಸ್ಬೋದು, ಬೆಳಕು ಬಣ್ಣ ಸಹಜವಾಗಿ ಕಾಣೋ ಹಂಗೆ ತಿದ್ಬೋದು, ಆದ್ರೆ ಇದ್ದದ್ದನ್ನ ಅಳಿಸಂಗಿಲ್ಲ, ಇಲ್ಲದ್ದನ್ನ ಸೇರಿಸಂಗಿಲ್ಲ. ಇವನಿಗೆ ಅವತ್ತು ಗೆಳೆಯನ ಮೇಲೆ ಸಿಟ್ಟು ಬಂತಂತೆ. ಈಗ ಕಳಿಸೋಕೆ ಮುಂಚೆ ಅವನಿಗೇ ತೋರಿಸ್ತಾನೆ. ಜಿಂಕೆಗೇ ಇಂಥ ನಿಯಮ ಇರೋವಾಗ ನಮ್ಮತ್ತೆ ಹಚ್ಚೆಗೆ ಬೇಡ್ವಾ?

ಹೇಳಿಸ್ಕೊಳ್ಳೋದು ಹೇಳೋದಕ್ಕಿಂತ ಕಷ್ಟ. ನಾನು ದಿನಾ ಬೆಳಿಗ್ಗೆ ರಂಗೋಲಿ ಫೋಟೋ ತೆಗೀತೀನಿ. ಒಂದಿನ ತಂಗಿ ಮಗಳು "ದೊಡ್ಡವ್ವ, ರಂಗೋಲಿ ಮೇಲೆ ನಿನ್ನ ನೆರಳು ಬಿದ್ದದೆ" ಅಂದ್ಲು. ನಂಗೆ ರೇಗ್ತು. "ನೀನು ಹುಟ್ಟೋಕೆ ಮುಂಚಿಂದ ರಂಗೋಲಿ ಬಿಡ್ತಿದ್ದೀನಿ" ಅಂದೆ. ಅವಳು ರಂಗೋಲಿ ಬಗ್ಗೆ ಏನೂ ಅಂದೇ ಇರ್ಲಿಲ್ಲ! ಮಾರನೆ ದಿನ ಫೋಟೋ ತೆಗೆದು ನೋಡ್ದೆ. ಎರಡು ಮೊಣಕೈ ಎತ್ಕಂಡು ನಿಂತಿರೋ ನನ್ನ ನೆರಳು, ನಟ್ಟನಡುವೆ. ಅವತ್ತಿಂದ ಯಾರೇನು ಹೇಳಿದ್ರೂ ಒಂದು ರಾತ್ರಿ ಕಳೆದ ಮೇಲೇ ಉತ್ತರ ಕೊಡೋದು. ಎಲ್ಲ ಒಪ್ಕೋಬೇಕು ಅಂತಿಲ್ಲ. "ಬಾಗ್ಲ ಮುಂದಿನ ಚಪ್ಲಿ ಅಳಿಸು" ಅಂದ್ಲು, ಬೇಡ ಅಂದೆ. ಅದು ನಮ್ಮೆಜಮಾನ್ರ ಚಪ್ಲಿ, ಇರ್ಲಿ.

ಕೆಲವ್ರು ಅಂತೀರ, ಖುಷಿಗೆ ತೆಗೆದ ಮನೆ ಫೋಟೋಗೆ ಇಷ್ಟೆಲ್ಲಾ ಯಾಕೆ ಅಂತ. ಬರೀ ಖುಷಿಗೆ ಹಾಕಿದ್ರೆ ಖುಷಿ ಪಡಿ, ಸಾಕು. ಆದ್ರೆ ಕೇಳಿದ್ರೆ ಹೇಳಿ. ಗೋಡೆಗೆ ಹೋಗೋ ಫೋಟೋ, ಮದುವೆಗೆ ಅಂತ ಗಂಡಿನ ಮನೆಗೆ ಹೋಗೋ ಫೋಟೋ ಆದ್ರೆ ಕೇಳದೇ ಇದ್ರೂ ಹೇಳಿ. ಒಳ್ಳೇದು ಏನದೆ ಅಂತ ಎಲ್ರ ಮುಂದೆ ಹೇಳಿ, ಕೊರತೆ ಏನದೆ ಅಂತ ಅವರಿಗೊಬ್ರಿಗೇ ಫೋನ್ ಮಾಡಿ ಹೇಳಿ. ಒಂದೇ ಸಲಕ್ಕೆ ಹತ್ತು ಬೇಡ, ಒಂದು ಸಾಕು.

ಅತ್ತೆದು ಹಳೇ ಫೋಟೋ ಒಂದು ನಾದಿನಿ ಟ್ರಂಕಲ್ಲಿ ಸಿಕ್ತು, ಯಾರದೋ ಮದುವೇಲಿ ತೆಗೆದಿದ್ದು. ಹಣೆ ಮೇಲೆ ಹಚ್ಚೆ ಅದೆ. ತಂಗಿ ಮಗಳು ಧೂಳಿನ ಗೆರೆ ಮಾತ್ರ ತೆಗೆದು ನಮಗೆ ಮೂರು ಜನಕ್ಕೆ ಕಳಿಸಿದ್ಲು. ನಾದಿನಿ ನೋಡಿ, "ಎಲ್ಲ ಸರಿ ಕಣವ್ವಾ, ಆದ್ರೆ ಬಲಗೆನ್ನೆ ಮೇಲೆ ಒಂದು ಮಚ್ಚೆ ಇತ್ತು, ಧೂಳು ಅಂತ ಅಳಿಸ್ಬುಟ್ಟಿದ್ದೀಯ ನೋಡು" ಅಂದ್ಲು. ಹುಡ್ಗಿ ಮಚ್ಚೆ ವಾಪಸ್ ತಂದ್ಲು. ಮಾಳಯ ಅಮಾವಾಸ್ಯೆಗೆ ಅದನ್ನೇ ಗೋಡೆಗೆ ಹಾಕ್ತೀವಿ. ಅಷ್ಟರೊಳಗೆ ನಿಮಗೂ ಕಳಿಸ್ತೀನಿ. ನೀವೆಲ್ಲ ಅವ್ರನ್ನ ಕಂಡೋರು. ನೋಡಿ ಹೇಳಿ, ಸೂಪರ್ ಅಂತ ಮಾತ್ರ ಅನ್ಬೇಡಿ.