ಮುದ್ದೆ ಉಳಿಯುವುದಿಲ್ಲ, ಅನ್ನ ಉಳಿಯುತ್ತದೆ

‘ಈಗಿನ ಮಕ್ಕಳಿಗೆ ಅನ್ನದ ಬೆಲೆ ಗೊತ್ತಿಲ್ಲ’ ಎಂದು ಹಾಸ್ಟೆಲಿಗೆ ಬಂದು ಭಾಷಣ ಮಾಡಿ ಹೋಗುವವರನ್ನು ಬಹಳ ಕಂಡಿದ್ದೇನೆ. ನಾನು ಮಂಡ್ಯದ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅಡುಗೆಯವಳು. ಊರು ಮಳವಳ್ಳಿ ಕಡೆ, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ. ನೀರು ಬರುತ್ತದೋ ಇಲ್ಲವೋ ಎಂದು ನಾಟಿ ಹಾಕಿ ಕಾಯುವವರ ಮಕ್ಕಳೇ ನಮ್ಮಲ್ಲಿ ಉಣ್ಣುವುದು. ಭತ್ತದ ಬೆಲೆ ಅವರಿಗೆ ಭಾಷಣದಿಂದ ತಿಳಿಯಬೇಕಿಲ್ಲ. ಆದರೂ ಎಂಜಲು ಡ್ರಮ್ಮು ತುಂಬುತ್ತದೆ. ಅದರಲ್ಲಿ ಅರ್ಧ ತಪ್ಪು ಸೌಟಿನದು.

ಮುದ್ದೆಯನ್ನೇ ನೋಡಿ. ಡ್ರಮ್ಮಿನಲ್ಲಿ ಮುದ್ದೆ ಕಾಣುವುದು ಅಪರೂಪ. ಬೇಕಾದವರು ಒಂದು ಎನ್ನುತ್ತಾರೆ, ಸಾಲದವರು ಇನ್ನರ್ಧ ಕೇಳುತ್ತಾರೆ, ಬೇಡದವರು ತಟ್ಟೆ ಮುಂದಕ್ಕೆ ಸರಿಸುತ್ತಾರೆ. ಅನ್ನಕ್ಕೆ ಈ ಲೆಕ್ಕವಿಲ್ಲ. ಹಿಂದೆ ಉದ್ದ ಸಾಲು, ಬಡಿಸುವವರಿಗೆ ಅವಸರ, ಒಂದೇ ಸಲಕ್ಕೆ ತಟ್ಟೆ ತುಂಬಿಸಿ ಕಳಿಸುತ್ತೇವೆ. ಎರಡನೇ ಸಲ ಬರುವಷ್ಟರಲ್ಲಿ ಸಾರು ಮುಗಿದಿದ್ದರೆ ಎಂಬ ಅಳುಕಿಗೆ ಅವರೂ ‘ಸಾಕು’ ಎನ್ನುವುದಿಲ್ಲ. ಮೇಲೆ ಕಲಸಿದ್ದಷ್ಟು ಉಂಡು ಕೆಳಗಿನ ಬಿಳಿ ಅನ್ನ ಬಿಡುತ್ತಾರೆ. ವಿಜಯಪುರದ ಕಡೆಯಿಂದ ಬಂದ ಹುಡುಗಿಗೆ ಮುದ್ದೆ ನುಂಗಲು ಬಾರದು, ಅವಳು ಕೇಳುವ ರೊಟ್ಟಿ ನಮ್ಮಲ್ಲಿ ಇಲ್ಲ. ಅದಕ್ಕೂ ಅನ್ನವನ್ನೇ ಗುಡ್ಡೆ ಹಾಕುತ್ತೇವೆ. ಉಪ್ಪಿಟ್ಟಿನ ದಿನದ ಮಾತು ಬೇಡ. ಅದಕ್ಕೆ ಅವರಿಟ್ಟ ಹೆಸರು ಕಾಂಕ್ರೀಟು.

ಸಂಜೆ ಐದಕ್ಕೆ ಗಾಡಿಯ ಹತ್ತಿರ ಗೋಬಿ, ಎಗ್ ರೈಸ್ ತಿಂದು ಎಂಟಕ್ಕೆ ಊಟಕ್ಕೆ ಕೂರುವವರೂ ಇದ್ದಾರೆ. ಅದು ಅವರದೇ ತಪ್ಪು, ಒಪ್ಪುತ್ತೇನೆ.

ಮನೆಯ ಅಭ್ಯಾಸವೂ ಉಂಟು. ನಮ್ಮ ಹಳ್ಳಿಗಳಲ್ಲಿ ತಟ್ಟೆಯಲ್ಲಿ ಉಳಿದದ್ದು ಕಲಗಚ್ಚಿಗೆ ಸೇರಿ ಹಸುವಿನ ಹೊಟ್ಟೆಗೆ ಹೋಗುತ್ತದೆ. ಹಾಳಾಯಿತು ಅನ್ನಿಸುವುದೇ ಇಲ್ಲ. ಆ ಅಭ್ಯಾಸ ಹಾಸ್ಟೆಲಿಗೂ ಬರುತ್ತದೆ, ಹಸು ಬರುವುದಿಲ್ಲ. ಇನ್ನು ಬೀಗರ ಊಟದಲ್ಲಿ ಬೇಡ ಬೇಡ ಅಂದರೂ ಎಲೆಗೆ ಸುರಿದು, ಅರ್ಧ ಬಿಟ್ಟೆದ್ದ ಎಲೆಗಳನ್ನು ನೋಡುತ್ತಲೇ ಬೆಳೆದವರು ಇವರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 2012ರಲ್ಲಿ ಲೆಕ್ಕ ಹಾಕಿದಾಗ, ಬೆಂಗಳೂರಿನ ಮದುವೆ ಮನೆಗಳಲ್ಲೇ ವರ್ಷಕ್ಕೆ 943 ಟನ್ ಒಳ್ಳೆಯ ಊಟ ಹಾಳಾಗುತ್ತಿತ್ತು. ಅಂಗಡಿ, ಹೋಟೆಲು, ಮನೆ ಎಲ್ಲ ಸೇರಿ ಲೋಕದಲ್ಲಿ ಹಾಳಾಗುವ ಆಹಾರದಲ್ಲಿ ಶೇ 60ರಷ್ಟು ಮನೆಗಳದ್ದೇ ಎನ್ನುತ್ತದೆ ವಿಶ್ವಸಂಸ್ಥೆಯ 2024ರ ವರದಿ. ಆ ಮನೆಗಳ ದೊಡ್ಡವರೇ ಇಲ್ಲಿ ಬಂದು ಮಕ್ಕಳಿಗೆ ಬುದ್ಧಿ ಹೇಳುವುದು.

ನನಗೆ ನಿಜವಾಗಿ ತಲೆನೋವು ತರುವುದು ತಲೆಲೆಕ್ಕ. ಮದ್ದೂರು, ಮಳವಳ್ಳಿ ಇಲ್ಲಿಗೆ ದೂರವೇನಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಟಿಕೆಟಿನ ಯೋಚನೆ ಇಲ್ಲದೆ ಸರ್ಕಾರಿ ಬಸ್ಸಿನಲ್ಲಿ ಊರಿಗೆ ಹೋಗಿಬರುತ್ತಾರೆ. ಒಳ್ಳೆಯದೇ ಆಯಿತು, ನಾನೂ ಆ ಬಸ್ಸಿನಲ್ಲೇ ಓಡಾಡುವವಳು. ಆದರೆ ಶನಿವಾರ ಕಾಲೇಜು ಬಿಟ್ಟವರು ಹಾಗೇ ಬಸ್ಸು ಹತ್ತಿದರೆ ಅಡುಗೆಮನೆಗೆ ಹೇಳುವವರು ಯಾರು? ಊರಹಬ್ಬ, ಜಾತ್ರೆ ಬಂದರಂತೂ ಅರ್ಧ ಹಾಸ್ಟೆಲು ಖಾಲಿ. ನಾನು ಎಸರಿಡುವುದು ಹಾಜರಿ ಪುಸ್ತಕದಲ್ಲಿರುವ ಹೆಸರುಗಳಿಗೆ. ಆ ಅನ್ನ ಯಾರ ತಟ್ಟೆಗೂ ಬೀಳದೆ ನೇರ ಡ್ರಮ್ಮಿಗೆ ಹೋಗುತ್ತದೆ. ಅದೂ ಮಕ್ಕಳ ಕೊಬ್ಬಿನ ಲೆಕ್ಕಕ್ಕೇ ಜಮಾ.

ಭಾಷಣದ ಬದಲು ಎರಡು ಕೆಲಸ ಆಗಲಿ. ಅನ್ನಕ್ಕೆ ಸಣ್ಣ ಸೌಟು ಕೊಡಿ, ಕೊನೆಯವರು ಎರಡನೇ ಸಲ ಬಂದರೂ ಸಾರು ಬಿಸಿಯಾಗಿ ಸಿಗುವ ಹಾಗೆ ನಾವು ನೋಡಿಕೊಳ್ಳುತ್ತೇವೆ. ಮಕ್ಕಳ ಹತ್ತಿರ ಎಲ್ಲಕ್ಕೂ ವಾಟ್ಸಾಪ್ ಗ್ರೂಪಿದೆ. ರಾತ್ರಿ ಊಟಕ್ಕೆ ಯಾರಿಲ್ಲ ಎಂದು ಮಧ್ಯಾಹ್ನದೊಳಗೆ ಹಾಕಿದರೆ ಅಷ್ಟು ಅಕ್ಕಿ ಕಮ್ಮಿ ಹಾಕುತ್ತೇನೆ. ಆದರೆ ತಿಂಗಳ ಕೊನೆಗೆ ಸ್ಟೋರಿನಲ್ಲಿ ಅಕ್ಕಿ ಮೂಟೆ ಹೆಚ್ಚಿಗೆ ಕಂಡಾಗ, ಮಕ್ಕಳ ಹೊಟ್ಟೆಗೆ ಹಾಕದೆ ಉಳಿಸಿಕೊಂಡಳು ಎಂದು ನನ್ನ ಮೇಲೆ ಯಾರೂ ನೋಟಿಸು ಹೊರಡಿಸಬಾರದು.