ಗೇಮಿಂಗ್ ಗಣಕಯಂತ್ರದ ಮದರ್‌ಬೋರ್ಡ್: ಥಳಕಿಗಿಂತ ತಾಳಿಕೆ ಮುಖ್ಯ

ವ್ಯಾಪಾರ ಯಾವುದೇ ಇರಲಿ, ಬಂಡವಾಳ ಹೂಡುವಾಗ ಕಣ್ಣಿಗೆ ಕಾಣುವ ವಸ್ತುವಿಗೆ ಧಾರಾಳವಾಗಿ ವ್ಯಯಿಸಿ, ಕಾಣದ ತಳಹದಿಯಲ್ಲಿ ಮಿತವ್ಯಯ ಸಾಧಿಸುವ ಪ್ರವೃತ್ತಿ ನಮ್ಮಲ್ಲಿ ಸಾಮಾನ್ಯವಾಗಿದೆ. ಗೇಮಿಂಗ್ ಗಣಕಯಂತ್ರಗಳ ಜೋಡಣೆಯಲ್ಲಿ ಈ ಪ್ರವೃತ್ತಿ ಸ್ಪಷ್ಟವಾಗಿ ಗೋಚರಿಸುತ್ತದೆ. ಗ್ರಾಫಿಕ್ಸ್ ಕಾರ್ಡ್, ಬಣ್ಣದ ದೀಪಗಳು, ಗಾಜಿನ ಕವಚ ಇವುಗಳಿಗೆ ಹಣ ಹರಿಯುತ್ತದೆ; ಎಲ್ಲ ಬಿಡಿಭಾಗಗಳನ್ನೂ ಹೊತ್ತು ನಿಲ್ಲುವ ಮದರ್‌ಬೋರ್ಡ್ ಮಾತ್ರ ಉಳಿದ ಹಣದಲ್ಲಿ ಕೊಳ್ಳುವ ಸರಕಾಗುತ್ತದೆ.

ಇದು ಮಕ್ಕಳ ಆಟಿಕೆಯ ವಿಷಯ, ನಮ್ಮ ಪತ್ರಿಕೆಗೇಕೆ ಎಂದು ಸದಸ್ಯ ಬಾಂಧವರು ಭಾವಿಸಬಾರದು. ಗೇಮಿಂಗ್ ಕೇಂದ್ರವನ್ನು ಬ್ಯಾಂಕ್ ಸಾಲದಿಂದ ಆರಂಭಿಸುವ ಯುವ ಉದ್ಯಮಿಗಳಿದ್ದಾರೆ. ಯಂತ್ರಭಾಗ, ಆಭರಣ ಹಾಗೂ ಜವಳಿ ವಿನ್ಯಾಸಗಳನ್ನು ಗಣಕಯಂತ್ರದಲ್ಲಿ ರಚಿಸುವ ಸಣ್ಣ ಕೈಗಾರಿಕೆಗಳು ಇದೇ ದರ್ಜೆಯ ಯಂತ್ರಗಳನ್ನು ಬಳಸುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತರಿಸಿ ಜೋಡಿಸಿ ಮಾರುವ ವರ್ತಕರೂ ಇದ್ದಾರೆ. ಆದುದರಿಂದ ಇದು ಬಂಡವಾಳದ ಪ್ರಶ್ನೆಯೇ ಸರಿ.

ಮದರ್‌ಬೋರ್ಡಿನ ನಿಜವಾದ ಹೊಣೆ

ಆಟದ ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್. ಸಮರ್ಪಕವಾದ ಎರಡು ಮದರ್‌ಬೋರ್ಡ್‌ಗಳ ನಡುವೆ ವೇಗದ ವ್ಯತ್ಯಾಸ ನಗಣ್ಯ. ಹಾಗಾದರೆ ಹೆಚ್ಚಿನ ಬೆಲೆ ಏತಕ್ಕೆ? ಉತ್ತರವು ವಿದ್ಯುತ್ ಪೂರೈಕೆಯಲ್ಲಿದೆ. ಪವರ್ ಸಪ್ಲೈಯಿಂದ ಬರುವ 12 ವೋಲ್ಟ್ ವಿದ್ಯುತ್ತನ್ನು ಪ್ರೊಸೆಸರಿಗೆ ಬೇಕಾದ ಸುಮಾರು 1.2 ವೋಲ್ಟಿಗೆ ಇಳಿಸುವುದು ಮದರ್‌ಬೋರ್ಡಿನ ವೋಲ್ಟೇಜ್ ನಿಯಂತ್ರಣ ವಿಭಾಗ. 150 ವ್ಯಾಟ್ ಬಳಸುವ ಪ್ರೊಸೆಸರಿಗೆ 1.2 ವೋಲ್ಟಿನಲ್ಲಿ 125 ಆಂಪಿಯರ್ ಪ್ರವಾಹ ಹರಿಯಬೇಕು. ಈ ಪರಿವರ್ತನೆಯಲ್ಲಿ ನಷ್ಟವಾಗುವ ಶಕ್ತಿ ಶಾಖವಾಗಿ ಅಲ್ಲಿಯೇ ಉಳಿಯುತ್ತದೆ. ವಿಭಾಗ ದುರ್ಬಲವಾಗಿದ್ದು ಶಾಖ ಹೊರಹಾಕುವ ಲೋಹದ ಹೊದಿಕೆಯೂ ಇಲ್ಲದಿದ್ದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬಿಡಿಭಾಗಗಳ ಆಯುಷ್ಯವೂ ಕುಗ್ಗುತ್ತದೆ.

ಸಾಮಾನ್ಯ ಅಲ್ಯುಮಿನಿಯಂ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್‌ಗಳ ವಿಷಯದಲ್ಲಿ ಎಂಜಿನಿಯರುಗಳು ಅನುಸರಿಸುವ ಸ್ಥೂಲ ನಿಯಮವೊಂದಿದೆ: ಉಷ್ಣತೆ 10 ಡಿಗ್ರಿ ತಗ್ಗಿದಂತೆ ಆಯುಷ್ಯ ಇಮ್ಮಡಿಯಾಗುತ್ತದೆ. 105 ಡಿಗ್ರಿಯಲ್ಲಿ 5,000 ಗಂಟೆ ಬಾಳುವ ಭಾಗವು 85 ಡಿಗ್ರಿಯಲ್ಲಿ 20,000 ಗಂಟೆ ಬಾಳಬಲ್ಲದು. ಮನೆಯಲ್ಲಿ ಸಂಜೆ ಎರಡು ಗಂಟೆ ಆಡುವವನಿಗೆ ಈ ಲೆಕ್ಕ ಅಷ್ಟಾಗಿ ಬಾಧಿಸದು. ದಿನಕ್ಕೆ ಹನ್ನೆರಡು ಗಂಟೆ ಯಂತ್ರ ಓಡಿಸುವ ವ್ಯಾಪಾರಿಗೆ ಇದು ಲಾಭ ನಷ್ಟದ ಲೆಕ್ಕ.

ಹೆಸರೊಂದೇ ಭರವಸೆಯಲ್ಲ

ದೊಡ್ಡ ಹೆಸರು ಕೊಂಡರೆ ಚಿಂತೆಯಿಲ್ಲ ಎಂಬ ನಂಬಿಕೆಯನ್ನು ಇತಿಹಾಸವು ಸಮರ್ಥಿಸುವುದಿಲ್ಲ. 2000ದ ದಶಕದ ಆರಂಭದಲ್ಲಿ ದೋಷಪೂರಿತ ಕೆಪ್ಯಾಸಿಟರ್‌ಗಳು ಹಲವು ಕಂಪನಿಗಳ ಮದರ್‌ಬೋರ್ಡ್‌ಗಳಲ್ಲಿ ಉಬ್ಬಿ ಸೋರಿದವು. ಇದರ ಪರಿಣಾಮವಾಗಿ ಡೆಲ್ ಕಂಪನಿ 2005ರಲ್ಲಿ ಸುಮಾರು 30 ಕೋಟಿ ಡಾಲರ್ ವೆಚ್ಚವನ್ನು ತನ್ನ ಲೆಕ್ಕಪತ್ರಗಳಲ್ಲಿ ತೋರಿಸಬೇಕಾಯಿತು. 2011ರ ಜನವರಿಯಲ್ಲಿ ಇಂಟೆಲ್ ಕಂಪನಿ ತನ್ನ 6ನೇ ಸರಣಿಯ ಚಿಪ್‌ಸೆಟ್‌ನಲ್ಲಿ ದೋಷವಿದೆಯೆಂದು ತಾನೇ ಪ್ರಕಟಿಸಿ, ದುರಸ್ತಿ ಮತ್ತು ಬದಲಾವಣೆಗೆ ಸುಮಾರು 70 ಕೋಟಿ ಡಾಲರ್ ಅಂದಾಜಿಸಿತು. 2023ರಲ್ಲಿ ಎಎಂಡಿಯ ಕೆಲವು ರೈಜೆನ್ 7000 ಪ್ರೊಸೆಸರ್‌ಗಳು ಮದರ್‌ಬೋರ್ಡ್ ನೀಡಿದ ಅಧಿಕ ವೋಲ್ಟೇಜಿನಿಂದ ಸುಟ್ಟ ಪ್ರಕರಣಗಳು ಹೊರಬಂದವು. ಹೊಸ ಬಯೋಸ್ ಮೂಲಕ ಸಂಬಂಧಿತ ವೋಲ್ಟೇಜನ್ನು 1.3ಕ್ಕೆ ಮಿತಿಗೊಳಿಸಲಾಯಿತು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಪ್ರೊಸೆಸರ್‌ಗಳ ಅಸ್ಥಿರತೆ ಬಯಲಾಗಿ, ಕಂಪನಿಯು ಅವುಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಪರಿಹಾರವು ಮದರ್‌ಬೋರ್ಡಿನ ಬಯೋಸ್ ನವೀಕರಣದ ಮೂಲಕವೇ ಬರಬೇಕಾಯಿತು.

ಇವುಗಳಿಂದ ಹೊರಡುವ ಪಾಠ ಸರಳ. ದೋಷವೇ ಬಾರದ ಕಂಪನಿ ಇಲ್ಲ. ದೋಷ ಬಂದಾಗ ಒಪ್ಪಿಕೊಂಡು, ಬಯೋಸ್ ನವೀಕರಣವನ್ನು ವರ್ಷಗಟ್ಟಲೆ ಒದಗಿಸಿ, ವಾರಂಟಿಯನ್ನು ಗೌರವಿಸುವ ಕಂಪನಿಯೇ ವಿಶ್ವಾಸಾರ್ಹ.

ಕೊಳ್ಳುವ ಮುನ್ನ

ಮೊದಲನೆಯದಾಗಿ, ಅಗತ್ಯವನ್ನು ನಿಷ್ಕರ್ಷಿಸಬೇಕು. ಇಂಟೆಲ್‌ನ 12ರಿಂದ 14ನೇ ಪೀಳಿಗೆಗೆ ಎಚ್610 ಚಿಪ್‌ಸೆಟ್ ಕನಿಷ್ಠ ದರ್ಜೆಯದು; ಬಿ760 ಮಧ್ಯಮ; ಪ್ರೊಸೆಸರಿನ ವೇಗವನ್ನು ನಿಗದಿಗಿಂತ ಏರಿಸುವ ಸೌಲಭ್ಯ ಝಡ್790ರಲ್ಲಿದೆ. ಆ ಸೌಲಭ್ಯ ಬಳಸದವನು ಅದಕ್ಕೆ ಹಣ ತೆರುವುದು ವ್ಯರ್ಥ. ಬಹುಪಾಲು ಗೇಮಿಂಗ್ ಕೇಂದ್ರಗಳಿಗೆ ಉತ್ತಮ ವಿದ್ಯುತ್ ವಿಭಾಗವುಳ್ಳ ಮಧ್ಯಮ ದರ್ಜೆಯ ಮದರ್‌ಬೋರ್ಡೇ ಯೋಗ್ಯವೆಂಬುದು ನನ್ನ ಅಭಿಪ್ರಾಯ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಇಲ್ಲಿಯೂ ಅನ್ವಯಿಸುತ್ತದೆ.

ಎರಡನೆಯದಾಗಿ, ತಯಾರಕರು ಪ್ರಕಟಿಸುವ ಪಟ್ಟಿಗಳಲ್ಲಿ ನಿಮ್ಮ ಪ್ರೊಸೆಸರ್ ಮತ್ತು ಮೆಮೊರಿ ಇವೆಯೇ, ಯಾವ ಬಯೋಸ್ ಆವೃತ್ತಿ ಬೇಕು ಎಂಬುದನ್ನು ಪರಿಶೀಲಿಸಬೇಕು. ಹಳೆಯ ದಾಸ್ತಾನಿನ ಮದರ್‌ಬೋರ್ಡ್ ಹೊಸ ಪ್ರೊಸೆಸರಿನೊಡನೆ ಆರಂಭವೇ ಆಗದಿರಬಹುದು. ಪ್ರೊಸೆಸರ್ ಇಲ್ಲದೆಯೇ ಬಯೋಸ್ ನವೀಕರಿಸುವ ಸೌಲಭ್ಯ ಕೆಲವು ಮಾದರಿಗಳಲ್ಲಿರುತ್ತದೆ. ಅದು ದೀಪಾಲಂಕಾರಕ್ಕಿಂತ ಉಪಯುಕ್ತ.

ಮೂರನೆಯದಾಗಿ, ಸಾಕೆಟ್‌ನ ಬಾಳಿಕೆ. 2016ರಲ್ಲಿ ಬಂದ ಎಎಂಡಿಯ ಎಎಂ4 ಸಾಕೆಟ್‌ಗೆ 2024ರಲ್ಲಿಯೂ ಹೊಸ ಪ್ರೊಸೆಸರ್‌ಗಳು ಬಿಡುಗಡೆಯಾದವು. ಮದರ್‌ಬೋರ್ಡ್ ಉಳಿಸಿಕೊಂಡು ಪ್ರೊಸೆಸರ್ ಮಾತ್ರ ಬದಲಿಸುವ ಅವಕಾಶವೂ ಒಂದು ಉಳಿತಾಯವೇ.

ಬಿಲ್ಲು ಮತ್ತು ವಾರಂಟಿ

ಬಿಲ್ಲಿಲ್ಲದೆ ಕೊಂಡರೆ ಶೇ. 18ರ ಜಿಎಸ್‌ಟಿ ಉಳಿಯಿತೆಂದು ಸಂತೋಷಿಸುವವರು ಲೆಕ್ಕವನ್ನು ಪೂರ್ಣಗೊಳಿಸಿರುವುದಿಲ್ಲ. ನೋಂದಾಯಿತ ವರ್ತಕನು ತನ್ನ ಜಿಎಸ್‌ಟಿ ಸಂಖ್ಯೆ ನಮೂದಿಸಿದ ಬಿಲ್ಲು ಪಡೆದರೆ ಆ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯವರಿಗೆ ಮಾತ್ರ ಈ ಅವಕಾಶವಿಲ್ಲ. ಬಿಲ್ಲಿಲ್ಲದ ಸರಕಿಗೆ ಸವಕಳಿ ಕೇಳಲು ಆಧಾರವಿಲ್ಲ. ಅನಧಿಕೃತವಾಗಿ ಆಮದಾದದ್ದಾದರೆ ಭಾರತದಲ್ಲಿ ವಾರಂಟಿಯೂ ದೊರೆಯದು.

ಇನ್ನೊಂದು ಅಂಶವನ್ನು ಸದಸ್ಯರು ಗಮನಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ವಾಣಿಜ್ಯ ಉದ್ದೇಶಕ್ಕಾಗಿ ಸರಕು ಕೊಂಡವನು ಗ್ರಾಹಕನೆನಿಸುವುದಿಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿ ಮಾತ್ರ ಬಳಸುವವನಿಗೆ ವಿನಾಯಿತಿ ಇದೆ. ಹತ್ತು ಯಂತ್ರಗಳಿಗೆ ನೌಕರರನ್ನಿಟ್ಟು ಕೇಂದ್ರ ನಡೆಸುವವನು ಗ್ರಾಹಕ ಆಯೋಗದ ಮೆಟ್ಟಿಲೇರಿದರೆ ಈ ಆಕ್ಷೇಪಣೆಯನ್ನು ಎದುರಿಸಬೇಕಾದೀತು. ಆದ್ದರಿಂದ ಅವನಿಗೆ ವಾರಂಟಿ ಪತ್ರವೇ ಮುಖ್ಯ ರಕ್ಷಣೆ. ಬಿಲ್ಲಿನಲ್ಲಿ ಕ್ರಮಸಂಖ್ಯೆ ಇರಲಿ. ಪ್ರೊಸೆಸರ್ ಸಾಕೆಟ್ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಎಸೆಯಬೇಡಿ. ದುರಸ್ತಿಗೆ ಮರಳಿಸುವಾಗ ಹಲವು ಕಂಪನಿಗಳು ಅದನ್ನು ಕೇಳುತ್ತವೆ. ಪಿನ್ನು ಬಾಗಿದ್ದರೆ ಅಥವಾ ಸುಟ್ಟ ಗುರುತಿದ್ದರೆ ವಾರಂಟಿ ನಿರಾಕರಣೆಯಾಗುವುದೇ ಹೆಚ್ಚು.

ಲೆಕ್ಕ ಏನು ಹೇಳುತ್ತದೆ

ಉದಾಹರಣೆಗಾಗಿ, ಎರಡು ಮದರ್‌ಬೋರ್ಡ್‌ಗಳ ಬೆಲೆಯ ವ್ಯತ್ಯಾಸ ರೂ. 4,000 ಎಂದಿಟ್ಟುಕೊಳ್ಳೋಣ. ಗಂಟೆಗೆ ರೂ. 60ರಂತೆ ದಿನಕ್ಕೆ 8 ಗಂಟೆ ದುಡಿಯುವ ಯಂತ್ರ ದುರಸ್ತಿಗಾಗಿ 20 ದಿನ ನಿಂತರೆ ಕೈತಪ್ಪುವ ಆದಾಯ ರೂ. 9,600. ಗಿರಾಕಿಗಳಲ್ಲಿ ಅರ್ಧದಷ್ಟು ಜನ ಬೇರೆ ಯಂತ್ರದಲ್ಲಿ ಕುಳಿತರೆಂದರೂ ನಷ್ಟ ರೂ. 4,800. ಒಂದೇ ಒಂದು ನಿಲುಗಡೆ ಇಡೀ ಉಳಿತಾಯವನ್ನು ನುಂಗುತ್ತದೆ. ಬಾಡಿಗೆ ಮತ್ತು ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಗಣಕಯಂತ್ರಗಳ ಮೇಲಿನ ಆದಾಯ ತೆರಿಗೆ ಸವಕಳಿ ದರ 2017ರ ಏಪ್ರಿಲ್‌ನಿಂದ ಶೇ. 60ರಿಂದ ಶೇ. 40ಕ್ಕೆ ಇಳಿಯಿತು. ಈ ದರದಲ್ಲಿಯೂ ರೂ. 1,00,000ದ ಯಂತ್ರದ ಪುಸ್ತಕ ಮೌಲ್ಯ ಮೂರು ಪೂರ್ಣ ವರ್ಷಗಳ ಅಂತ್ಯಕ್ಕೆ ರೂ. 21,600ಕ್ಕೆ ಇಳಿದಿರುತ್ತದೆ. ಮದರ್‌ಬೋರ್ಡಿನ ವಾರಂಟಿಯೂ ಸಾಮಾನ್ಯವಾಗಿ ಮೂರು ವರ್ಷದ್ದೇ. ಸಾಲ ತೀರಿದ ಮೇಲೆ ಯಂತ್ರ ಓಡುವ ನಾಲ್ಕನೆಯ, ಐದನೆಯ ವರ್ಷಗಳಲ್ಲಿಯೇ ನಿಜವಾದ ಲಾಭವಿರುವುದು. ಆ ವರ್ಷಗಳನ್ನು ತಲುಪಿಸುವ ಮದರ್‌ಬೋರ್ಡನ್ನು ಕೊಳ್ಳಬೇಕು.

ವರ್ತಕ ಬಂಧುಗಳಿಗೆ ವಿನಂತಿ

ಗಿರಾಕಿ ಕೇಳುವುದೇ ಬೆಲೆಯನ್ನು, ನಾವೇನು ಮಾಡುವುದು ಎಂಬುದು ಮಾರಾಟಗಾರರ ವಾದ. ಅದರಲ್ಲಿ ಸತ್ಯಾಂಶವಿದೆ, ಲಾಭದ ಅಂತರವೂ ತೀರ ಕಡಿಮೆ. ಆದರೆ ಮೇಲೆ ಥಳಕು ಒಳಗೆ ಹುಳುಕು ಎಂಬಂತಹ ಸರಕು ಮಾರಿದವನ ಅಂಗಡಿಗೆ ಗಿರಾಕಿ ಎರಡನೆಯ ಬಾರಿ ಬರುವುದಿಲ್ಲ. ಪ್ರತಿ ಬಿಲ್ಲಿನಲ್ಲಿ ಮದರ್‌ಬೋರ್ಡಿನ ಪೂರ್ಣ ಮಾದರಿ, ಕ್ರಮಸಂಖ್ಯೆ, ವಾರಂಟಿಯ ಅವಧಿ, ಅದನ್ನು ನಿರ್ವಹಿಸುವವರು ಯಾರು ಎಂಬ ನಾಲ್ಕು ವಿವರಗಳನ್ನು ಮುದ್ರಿಸಲು ಹೆಚ್ಚಿನ ವೆಚ್ಚವೇನೂ ಇಲ್ಲ. ನಮ್ಮ ವಾಣಿಜ್ಯ ಸಂಸ್ಥೆಯು ಈ ಬಗ್ಗೆ ಒಂದು ಮಾದರಿ ನಮೂನೆಯನ್ನು ಸಿದ್ಧಪಡಿಸಿ ಸದಸ್ಯರಿಗೆ ಒದಗಿಸಬೇಕು. ಕೊಳ್ಳುವವನು ಆ ನಾಲ್ಕು ವಿವರಗಳನ್ನು ಕೇಳಿ ಪಡೆಯುವ ರೂಢಿ ಬೆಳೆಸಿಕೊಂಡರೆ, ಪ್ರಾಮಾಣಿಕವಾಗಿ ಮಾರುವವನಿಗೂ ಸ್ಪರ್ಧೆಯಲ್ಲಿ ನ್ಯಾಯ ದೊರೆತೀತು.