ಸ್ಕಾಲರ್‌ಷಿಪ್ ಬಂದ ಮೇಲೂ ತೆರಿಗೆಯ ಲೆಕ್ಕ

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆಯಿದೆ. ಅಮೆರಿಕದಲ್ಲಿ ಕಾಲೇಜು ಓದುವ ಮಕ್ಕಳ ಪಾಲಿಗೆ ಈ ಪೂಜಾರಿ ಎಂದರೆ ಅಲ್ಲಿನ ತೆರಿಗೆ ಇಲಾಖೆ. ಮಗುವಿನ ಓದಿಗೆಂದು ವರ್ಷಗಟ್ಟಲೆ ಕೂಡಿಟ್ಟ ಹಣವೂ ಇದ್ದು, ಅದರ ಮೇಲೆ ಸ್ಕಾಲರ್‌ಷಿಪ್ ಕೂಡ ಬಂದರೆ ಸಂತೋಷವೇ ಸರಿ. ಆದರೆ ಎರಡನ್ನೂ ಲೆಕ್ಕವಿಲ್ಲದೆ ಬಳಸಿದರೆ ತೆರಿಗೆಯ ಚೀಟಿ ಮನೆಗೆ ಬರುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳೂ ಇದಕ್ಕೆ ಹೊರತಲ್ಲ.

ಕಾಲೇಜು ಉಳಿತಾಯಕ್ಕೆ ಅಲ್ಲಿ ಹೆಚ್ಚು ಬಳಕೆಯಲ್ಲಿರುವುದು '529 ಯೋಜನೆ'. 1996ರಲ್ಲಿ ತೆರಿಗೆ ಕಾನೂನಿಗೆ ಸೇರಿದ 529ನೇ ಸೆಕ್ಷನ್‌ನಿಂದ ಈ ಹೆಸರು ಬಂದಿದೆ. ಈ ಖಾತೆಯಲ್ಲಿನ ಹಣ ಬೆಳೆಯುವಾಗ ತೆರಿಗೆಯಿಲ್ಲ. ಬೋಧನಾ ಶುಲ್ಕ, ಪುಸ್ತಕ, ಕಂಪ್ಯೂಟರ್‌ಗಳಿಗೆ ತೆಗೆದರೂ ಕೇಂದ್ರ ತೆರಿಗೆಯಿಲ್ಲ. ಕನಿಷ್ಠ ಅರ್ಧಾವಧಿ ಓದುತ್ತಿರುವ ವಿದ್ಯಾರ್ಥಿಯ ವಸತಿ, ಊಟದ ಖರ್ಚಿಗೂ, ಕಾಲೇಜಿನ ಅಂದಾಜಿನ ಮಿತಿಯೊಳಗೆ, ಇದೇ ಅನುಕೂಲವುಂಟು. ಬೇರೆ ಕೆಲಸಕ್ಕೆ ತೆಗೆದರೆ ಅಸಲಿಗೆ ತೊಂದರೆಯಿಲ್ಲ. ಗಳಿಕೆಯ ಭಾಗಕ್ಕೆ ಮಾತ್ರ ತೆರಿಗೆ, ಜೊತೆಗೆ ಅದರ ಶೇಕಡಾ 10ರಷ್ಟು ದಂಡ.

ಸ್ಕಾಲರ್‌ಷಿಪ್ಪಿನ ನಿಯಮ ಸ್ವಲ್ಪ ಬೇರೆ. ಪದವಿಗೆ ಓದುವವರು ಅದನ್ನು ಬೋಧನಾ ಶುಲ್ಕ ಮತ್ತು ಕಡ್ಡಾಯ ಪುಸ್ತಕ, ಸಾಮಗ್ರಿಗಳಿಗೆ ಬಳಸಿದರೆ ತೆರಿಗೆಯಿಲ್ಲ. ವಸತಿ, ಊಟ, ಪ್ರಯಾಣಕ್ಕೆ ಬಳಸಿದ ಭಾಗ ವಿದ್ಯಾರ್ಥಿಯ ಆದಾಯವಾಗುತ್ತದೆ. ಅಂದರೆ ಹಾಸ್ಟೆಲ್ ಖರ್ಚಿಗೆ 529ರ ಹಣ ನಡೆಯುತ್ತದೆ, ಸ್ಕಾಲರ್‌ಷಿಪ್ಪಿಗೆ ಮಾತ್ರ ತೆರಿಗೆ ತಗಲುತ್ತದೆ. ಪಾಠ ಹೇಳಿದ್ದಕ್ಕೆ ಅಥವಾ ಸಂಶೋಧನೆಯಲ್ಲಿ ನೆರವಾದದ್ದಕ್ಕೆ ಕೊಡುವ ಹಣವಂತೂ ಸಾಮಾನ್ಯವಾಗಿ ಸಂಬಳವೆಂದೇ ಲೆಕ್ಕ.

ಇದರ ಜೊತೆಗೆ ಮೂರನೆಯ ಅನುಕೂಲವೊಂದಿದೆ. ಪದವಿಯ ಮೊದಲ 4 ವರ್ಷಗಳಲ್ಲಿ, ಬೋಧನಾ ಶುಲ್ಕ ಮತ್ತು ಪುಸ್ತಕಗಳ ಮೊದಲ 4,000 ಡಾಲರ್ ಖರ್ಚಿನ ಮೇಲೆ 2,500 ಡಾಲರ್‌ವರೆಗೆ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ. ಗಂಡ ಹೆಂಡತಿ ಒಟ್ಟಾಗಿ ತೆರಿಗೆ ಕಟ್ಟುವ ಮನೆಯಲ್ಲಿ ಆದಾಯ 1,60,000 ಡಾಲರ್ ದಾಟಿದರೆ ಇದು ಕಡಿಮೆಯಾಗುತ್ತಾ ಬಂದು, 1,80,000ಕ್ಕೆ ನಿಂತುಹೋಗುತ್ತದೆ.

ಮೂರಕ್ಕೂ ಸೇರಿ ಸೂತ್ರ ಒಂದೇ: ಒಂದು ಖರ್ಚಿಗೆ ಒಂದೇ ಅನುಕೂಲ. ಸ್ಕಾಲರ್‌ಷಿಪ್ ತೀರಿಸಿದ ಶುಲ್ಕವನ್ನು 529ರ ಲೆಕ್ಕದಲ್ಲಿ ಮತ್ತೆ ತೋರಿಸುವಂತಿಲ್ಲ.

ಒಂದು ಉದಾಹರಣೆ. ಒಂದು ವರ್ಷದ ಶುಲ್ಕ, ಪುಸ್ತಕ ಸೇರಿ 20,000 ಡಾಲರ್, ವಸತಿ ಊಟಕ್ಕೆ 14,000, ಒಟ್ಟು 34,000. ಶುಲ್ಕಕ್ಕೆ ಬಂದ ಸ್ಕಾಲರ್‌ಷಿಪ್ 12,000. ಉಳಿದದ್ದು 22,000. ಇಷ್ಟನ್ನೂ 529ರಿಂದ ತೆಗೆದರಾಯಿತು ಎಂದು ತೋರುತ್ತದೆ. ಆದರೆ ರಿಯಾಯಿತಿಯನ್ನೂ ಪಡೆಯಬೇಕಾದರೆ 4,000 ಖರ್ಚನ್ನು ಅದಕ್ಕೆ ಬಿಟ್ಟುಕೊಡಬೇಕು. ಆಗ 529ರಿಂದ ತೆರಿಗೆಯಿಲ್ಲದೆ ತೆಗೆಯಬಹುದಾದದ್ದು 18,000 ಮಾತ್ರ. ಉಳಿದ 4,000 ಕೈಯಿಂದ ಕಟ್ಟಿದರೆ 2,500ರ ರಿಯಾಯಿತಿ ಪೂರ್ತಿ ದಕ್ಕುತ್ತದೆ. ಪೂರ್ತಿ 22,000 ತೆಗೆದುಬಿಟ್ಟಿದ್ದು, ಖಾತೆಯಲ್ಲಿ ಶೇಕಡಾ 40 ಗಳಿಕೆಯಿದ್ದರೆ, ಹೆಚ್ಚುವರಿ 4,000ದಲ್ಲಿ 1,600ಕ್ಕೆ ತೆರಿಗೆ ಬೀಳುತ್ತದೆ. ಹೆಚ್ಚುವರಿಗೆ ಕಾರಣ ಸ್ಕಾಲರ್‌ಷಿಪ್ ಅಥವಾ ಈ ರಿಯಾಯಿತಿಯಾದರೆ ಶೇಕಡಾ 10ರ ದಂಡವಿಲ್ಲ. ತೆರಿಗೆ ಮಾತ್ರ ತಪ್ಪದು. ಆದಾಯ ಹೆಚ್ಚಿದ್ದು ರಿಯಾಯಿತಿಗೆ ಅವಕಾಶವೇ ಇಲ್ಲದ ಮನೆಯವರು 22,000ವನ್ನೂ ನಿಶ್ಚಿಂತೆಯಿಂದ ತೆಗೆಯಬಹುದು.

ಹಣ ಮಗುವಿಗೆ ಅಥವಾ ನೇರವಾಗಿ ಕಾಲೇಜಿಗೆ ಹೋದರೆ ಆ ತೆರಿಗೆ ಮಗುವಿನ ಹೆಸರಿನಲ್ಲಿ. ತಂದೆತಾಯಿಗೆ ಬಂದರೆ ಅವರ ಹೆಸರಿನಲ್ಲಿ. ಮಗುವಿನ ಹೆಸರಿನಲ್ಲಾದರೆ ತೆರಿಗೆ ಕಡಿಮೆ ಎಂದೇನೂ ಯಾವಾಗಲೂ ಹೇಳಲಾಗದು. ತಂದೆತಾಯಿಯ ಆಸರೆಯಲ್ಲಿರುವ ಎಳೆಯ ವಿದ್ಯಾರ್ಥಿಗೆ ದುಡಿಮೆಯಿಲ್ಲದೆ ಬಂದ ಆದಾಯ 2025ರ ಲೆಕ್ಕದಲ್ಲಿ 2,700 ಡಾಲರ್ ಮೀರಿದರೆ, ಮೀರಿದ ಭಾಗಕ್ಕೆ ತಂದೆತಾಯಿಯ ದರವೇ ಅನ್ವಯವಾಗಬಹುದು.

ಎಡವುವ ಇನ್ನೊಂದು ಜಾಗ ತಾರೀಖು. ಶುಲ್ಕ ಕಟ್ಟಿದ ವರ್ಷದಲ್ಲೇ 529ರ ಹಣ ತೆಗೆದಿರಬೇಕು. ಡಿಸೆಂಬರಿನಲ್ಲಿ ಶುಲ್ಕ ಕಟ್ಟಿ ಜನವರಿಯಲ್ಲಿ ಹಣ ತೆಗೆದರೆ ಎರಡೂ ತಾಳೆಯಾಗುವುದಿಲ್ಲ. ಕಾಲೇಜು ಕಳಿಸುವ 1098-ಟಿ, ಉಳಿತಾಯ ಸಂಸ್ಥೆ ಕಳಿಸುವ 1099-ಕ್ಯೂ, ಪುಸ್ತಕ ಮತ್ತು ಹಾಸ್ಟೆಲಿನ ರಸೀದಿಗಳನ್ನು ಒಂದೇ ಕಡತದಲ್ಲಿ ಇಡುವುದು ಜಾಣತನ.

ಸ್ಕಾಲರ್‌ಷಿಪ್ಪಿನಿಂದಾಗಿ ಹಣ ಮಿಕ್ಕರೆ ಅದು ವ್ಯರ್ಥವಲ್ಲ. ಖಾತೆಯನ್ನು ತಮ್ಮ ಅಥವಾ ತಂಗಿಯ ಹೆಸರಿಗೆ ಬದಲಾಯಿಸಬಹುದು. ಖಾತೆ ತೆರೆದು 15 ವರ್ಷ ದಾಟಿದ್ದರೆ, 2024ರಿಂದ ಜಾರಿಗೆ ಬಂದ ನಿಯಮದಂತೆ ಜೀವಮಾನದಲ್ಲಿ 35,000 ಡಾಲರ್‌ವರೆಗೆ, ವರ್ಷದ ಮಿತಿಗೆ ಒಳಪಟ್ಟು ಕಂತುಕಂತಾಗಿ, ಮಗುವಿನದೇ ರಾತ್ ನಿವೃತ್ತಿ ಖಾತೆಗೆ ಸಾಗಿಸಬಹುದು.

ಇನ್ನು ಕರ್ನಾಟಕದಿಂದ ಎಫ್-1 ವೀಸಾದಲ್ಲಿ ಓದಲು ಹೋಗುವವರ ಮಾತು. ಅವರಲ್ಲಿ 529 ಖಾತೆ ಇರುವುದು ಅಪರೂಪ. ಸ್ಕಾಲರ್‌ಷಿಪ್ಪಿನ ನಿಯಮ ಮಾತ್ರ ಅವರಿಗೂ ಉಂಟು. ವಸತಿ, ಊಟಕ್ಕೆಂದು ಕೊಟ್ಟ ಭಾಗದಲ್ಲಿ ಕಾಲೇಜು ಸಾಮಾನ್ಯವಾಗಿ ಶೇಕಡಾ 14 ಮೊದಲೇ ಹಿಡಿದುಕೊಳ್ಳುತ್ತದೆ. ಆದರೆ 1989ರಲ್ಲಿ ಸಹಿಯಾದ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಂತೆ, ಭಾರತದ ವಿದ್ಯಾರ್ಥಿಗಳಿಗೆ ಅಲ್ಲಿನವರಂತೆಯೇ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. 2025ರಲ್ಲಿ ಒಂಟಿ ವ್ಯಕ್ತಿಗೆ ಅದು 15,750 ಡಾಲರ್. ಬೇರೆ ಆದಾಯವಿಲ್ಲದವರು 1040-ಎನ್‌ಆರ್ ಅರ್ಜಿ ಸಲ್ಲಿಸಿ ಹಿಡಿದ ಹಣವನ್ನು ವಾಪಸು ಪಡೆಯಬಹುದು. ಕೇಳದಿದ್ದವರಿಗೆ ಅದು ತಾನಾಗಿ ಬರುವುದಿಲ್ಲ.